ಹೊಗೆಸೊಪ್ಪಿನ ಬ್ಯಾರನ್ನಿಗೆ ಬಂದ ಕಡಲ ಪಾಚಿ

ಆ ಶನಿವಾರ ಬೆಳಿಗ್ಗೆ ಪಿರಿಯಾಪಟ್ಟಣದ ಪಕ್ಕದ ನಮ್ಮೂರಿನಲ್ಲಿ, ಚಿಕ್ಕವ್ವನ ಬ್ಯಾರನ್ನಿನ ಮುಂದೆ ನಾವು ನಾಲ್ಕು ಜನ ನಿಂತಿದ್ದೆವು. ಚಿಕ್ಕವ್ವ, ದೊಡ್ಡಪ್ಪ, ಮಂಗಳೂರು ಕಡೆಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳು, ಮತ್ತೆ ನಾನು. ಚಿಕ್ಕಪ್ಪ ಕೋಟೆ ಡಿಪೋದಲ್ಲಿ ಬಸ್ ಓಡಿಸುವವರು, ಡ್ಯೂಟಿಗೆ ಹೋಗಿದ್ದರು. ನಮ್ಮ ಎದುರಿಗೆ ಮೀನಿನ ಲಾರಿಯಿಂದ ಇಳಿಸಿದ ಒದ್ದೆ ಚೀಲಗಳ ರಾಶಿ ಬಿದ್ದಿತ್ತು. ಒಳಗಿದ್ದದ್ದು ಮೀನಲ್ಲ, ಕಡಲ ಪಾಚಿ. ಆದರೆ ಆ ವ್ಯತ್ಯಾಸ ವಾಸನೆಗೆ ಗೊತ್ತಿರಲಿಲ್ಲ.

ಎದುರು ಮನೆಯಾಕೆ ಮೂಗಿಗೆ ಸೆರಗು ಹಿಡಿದುಕೊಂಡೇ ಕೇಳಿದಳು: "ಏನ್ರವ್ವಾ, ಲಿಂಗ ಕಟ್ಕಂಡು ಮೀನ್ ಯಾಪಾರ ಇಕ್ಕಂಡ್ರಾ?"

"ಮೀನು ತಿನ್ನೋ ಸೊಪ್ಪು ಕಣವ್ವಾ ಇದು," ಎಂದಳು ಚಿಕ್ಕವ್ವ. "ಹಸ ತಿಂತದೆ ಅಂತ ಹುಲ್ಲೇ ಹಸ ಆಗ್ಬುಡ್ತದಾ?"

ಚಿಕ್ಕವ್ವ ಹಿಂದಿನ ವರ್ಷವೇ ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟಿದ್ದಳು. ಸೌದೆ ಸುಡುವುದು ಸಾಕಾಯಿತು, ಎದೆಗೂ ಆ ಘಾಟು ಬೇಡವಾಯಿತು ಎನ್ನುತ್ತಿದ್ದಳು. ಸೊಪ್ಪು ಬೇಯಿಸುವ ಬ್ಯಾರನ್ ಮಾತ್ರ ಖಾಲಿ ಉಳಿದಿತ್ತು. ನೋಡದವರಿಗೆ ಹೇಳುವುದಾದರೆ, ಅದೊಂದು ಎತ್ತರದ ಇಟ್ಟಿಗೆ ಮನೆ. ಹೊರಗೆ ಒಲೆ ಉರಿದರೆ ಬಿಸಿಗಾಳಿ ತಗಡಿನ ಕೊಳವೆಗಳಲ್ಲಿ ಒಳಗೆಲ್ಲ ಓಡಾಡುತ್ತದೆ. ಗೋಡೆಯಲ್ಲಿ ತೆರೆದು ಮುಚ್ಚುವ ಗಾಳಿಕಿಂಡಿಗಳಿರುತ್ತವೆ. ದೊಡ್ಡಪ್ಪ ಅದನ್ನು ಕೆಡವಿ, ಇಟ್ಟಿಗೆ ಮಾರಿ, ಆ ಜಾಗವನ್ನೂ ಶುಂಠಿ ಹೊಲಕ್ಕೆ ಸೇರಿಸಬೇಕೆಂದು ಹಟ ಹಿಡಿದಿದ್ದರು. ಸೋಮವಾರ ಹುಣಸೂರಿನಿಂದ ಇಟ್ಟಿಗೆ ಕೊಳ್ಳುವವನು ಬರುವುದೆಂದೂ ಆಗಿತ್ತು. ಅಷ್ಟರೊಳಗೆ ಈ ಪಾಚಿ ಒಣಗಿದರೆ ಬ್ಯಾರನ್ ಉಳಿಯುತ್ತದೆ, ಇಲ್ಲವಾದರೆ ಚಿಕ್ಕವ್ವ ಮರುಮಾತಾಡುವಂತಿಲ್ಲ ಎಂಬುದು ಮನೆಯೊಳಗಿನ ಒಪ್ಪಂದ.

ಈ ಹೆಣ್ಣುಮಗಳು ಚಿಕ್ಕವ್ವನಿಗೆ ಸಿಕ್ಕಿದ್ದು ಮೈಸೂರಿನಲ್ಲಿ, ಸ್ವಸಹಾಯ ಸಂಘಗಳ ಮೇಳವೊಂದರಲ್ಲಿ. ಕಡಲ ತೀರದ ಅವರ ಸಂಘದ ಹೆಂಗಸರು ನೀರಿನಲ್ಲಿ ಹಗ್ಗ ಕಟ್ಟಿ ಪಾಚಿ ಬೆಳೆಯುತ್ತಾರೆ. ಗೊಬ್ಬರ ಕೇಳದ, ಸಿಹಿನೀರು ಕೇಳದ ಬೆಳೆ. ಒಣಗಿಸಿ ಅದರಿಂದ ಗಿಡಗಳಿಗೆ ಸಿಂಪಡಿಸುವ ದ್ರಾವಣ ಮಾಡುತ್ತಾರೆ. ಮಳೆ ಮುಂಚೆ ಬಂದರೆ ಮಾತ್ರ ಅರೆಬರೆ ಒಣಗಿದ್ದೆಲ್ಲ ಕೊಳೆತುಹೋಗುತ್ತದೆ; ಈ ವರ್ಷ ಹಾಗೆಯೇ ಬಂದಿತ್ತು. "ಮಳೆ ಬಂದ್ರೂ ಒಣಗಿಸುವ ಮನೆ ನಿಮ್ಮಲ್ಲಿ ಉಂಟಲ್ಲ ಅಕ್ಕಾ," ಎಂದು ಆಕೆ ಅಲ್ಲೇ ಕೇಳಿದ್ದಳಂತೆ. ಬಾಡಿಗೆ ಬೇಕಾ, ಪಾಲು ಬೇಕಾ ಎಂದಾಗ ಚಿಕ್ಕವ್ವ ಪಾಲೇ ಕೇಳಿದಳು.

"ಬಾಡ್ಗೆ ಇಸ್ಕಂಡ್ರೆ ಮಾಲು ಕೆಟ್ರೂ ನಾನು ಕಾಲ್ ಚಾಚ್ಕಂಡ್ ಕುಂತಿರ್ತೀನಿ. ಪಾಲಾದ್ರೆ ಕೆಲ್ಸ ಕೆಡಾಕೆ ಬುಡಾಕಿಲ್ಲ ಕಣ," ಎಂದು ನನಗೆ ವಿವರಿಸಿದ್ದಳು. ಬಂಡವಾಳದ ವಿಷಯವಾಗಿ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಇನ್ನೂ ಕೇಳಿಲ್ಲ.

ಮೊದಲು ಅರ್ಧ ಚೀಲಗಳನ್ನು ಒಳಗೆ ಹಾಕುವುದೆಂದಾಯಿತು. ಸೊಪ್ಪು ಬೇಯಿಸುವುದರಲ್ಲಿ ದೊಡ್ಡಪ್ಪನದು ಇಡೀ ಊರು ಒಪ್ಪಿದ ಕೈ. ಬ್ಯಾರನ್ ಕೆಡವಬೇಕೆಂದವರೇ ಒಲೆಯ ಮುಂದೆ ಯಜಮಾನಿಕೆಗೆ ನಿಂತರು.

"ಸೊಪ್ಪು ಅಂದ್ರೆ ಸೊಪ್ಪೇ ಕಣವ್ವ. ಮೊದ್ಲು ಕಿಂಡಿ ಎಲ್ಲಾ ಮುಚ್ಚು. ಮೆಲ್ಲಗೆ ಬಿಸಿ ಕೊಟ್ಟು ಹಳದಿಗೆ ತರ್ಬೇಕು. ಆಮೇಲೆ ಒಣಗ್ಸೋದು."

ನಾವು ಪಾಚಿಯನ್ನು ಹೊಗೆಸೊಪ್ಪಿನಂತೆಯೇ ಕಡ್ಡಿಗಳಿಗೆ ಕಟ್ಟಿ ತೂಗುಹಾಕಿದೆವು. ಸೌದೆಯ ಬದಲು ತೆಂಗಿನ ಸಿಪ್ಪೆ, ಮುಸುಕಿನ ಜೋಳದ ಬೆಂಡು ಉರಿಸಿದೆವು. ಕಿಂಡಿ ಮುಚ್ಚಿದೆವು. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮುಖಕ್ಕೆ ಉಪ್ಪಿನ ಹಬೆ ಹೊಡೆಯಿತು. ಪಾಚಿ ಲೋಳೆಯಾಗಿ ಕಡ್ಡಿಯಿಂದ ಜಾರಿ, ಕೊಳವೆಗಳ ಮೇಲೆ ಬಿದ್ದು ಚುಂಯ್‌ಗುಟ್ಟುತ್ತಿತ್ತು.

ದೊಡ್ಡಪ್ಪ ಬಗ್ಗಿ ನೋಡಿ, "ಹಳದಿ ಬರ್ನಿಲ್ವಲ್ಲ," ಎಂದರು.

ಆ ಹೆಣ್ಣುಮಗಳು ಕೆಳಗೆ ಬಿದ್ದ ಲೋಳೆಯನ್ನು ಕೈಯಲ್ಲಿ ಎತ್ತಿ ನೋಡಿದಳು. ಹಾಳಾದದ್ದು ಅವಳ ಸಂಘದವರ ಎಷ್ಟೋ ದಿನದ ದುಡಿಮೆ. ಕೊನೆಗೆ, "ಎಂತ ಮಾಡುದು ಅಕ್ಕಾ? ನಮ್ಮಲ್ಲಿ ಬಿಸಿಲಿಗಿಂತ ಹೆಚ್ಚು ಗಾಳಿಯೇ ಒಣಗಿಸುದು," ಎಂದಳು.

ಚಿಕ್ಕವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ಏಣಿ ಹತ್ತಿ, ಮೇಲಿನ ಕಿಂಡಿಗಳನ್ನೆಲ್ಲ ತೆರೆದಳು. ಇಳಿದು ಬಂದು ಕೆಳಗಿನವನ್ನೂ ತೆರೆದಳು. ಚೀಲಗಳಿಗೆ ಹೊದಿಸಿ ತಂದಿದ್ದ ಬಲೆಗಳನ್ನು ತೊಲೆಯಿಂದ ತೊಲೆಗೆ ಬಿಗಿಸುವಂತೆ ನನಗೆ ಹೇಳಿದಳು. ಉಳಿದ ಪಾಚಿಯನ್ನು ಅದರ ಮೇಲೆ ತೆಳ್ಳಗೆ ಹರಡಿದೆವು. ಬಾಗಿಲನ್ನೂ ಹಾಕದೆ ಒಲೆಗೆ ಬೆಂಕಿ ಕೊಟ್ಟಳು.

ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. "ಬಾಗ್ಲು ತಗ್ದು ಬ್ಯಾರನ್ ಉರ್ಸೋರ್ನ ಎಲ್ಲಾರ ನೋಡಿದ್ದೀಯೇನವ್ವ? ಬಿಸಿ ಎಲ್ಲಾ ಊರ್ ಪಾಲಾಯ್ತದೆ!"

"ಓಗ್ಲಿ ಬುಡಿ ಬಾವ. ನೀರೂ ಅದ್ರ ಜೊತೇಲೇ ಓಗ್ಲಿ."

"ಹಳದಿ ಆಗ್ದೆ..."

"ಇದು ಹೊಗೆಸೊಪ್ಪಲ್ಲ ಬಾವ. ಇದ್ಕೆ ಹಳದಿ ಯಾಕೆ, ಮದ್ವೆ ಮಾಡೀರಾ?"

ದೊಡ್ಡಪ್ಪ ಟವೆಲ್ ಕೊಡವಿ ಮನೆಗೆ ಹೋದರು. ಕಾಫಿ ಕುಡಿದು ತಿರುಗಿ ಬಂದು, ಯಾರೂ ಕೇಳದಿದ್ದರೂ ಒಲೆಗೆ ಬೆಂಡು ತಳ್ಳುತ್ತಾ ಕುಳಿತರು. ಚಿಕ್ಕವ್ವ ಗಳಿಗೆಗೊಮ್ಮೆ ಒಳಹೊಕ್ಕು ಪಾಚಿ ಮಗುಚುತ್ತಿದ್ದಳು. ಬೆವರಿನಲ್ಲಿ ತೊಯ್ದು ಹೊರಬರುವಳು, ನೀರು ಕುಡಿಯುವಳು, ಮತ್ತೆ ಒಳಗೆ. ಹೊರಗೆ ನಮ್ಮ ಎಮ್ಮೆ ಉಪ್ಪಿನ ರುಚಿಗೆ ಖಾಲಿ ಚೀಲ ನೆಕ್ಕುತ್ತಿತ್ತು. ಅದನ್ನು ಓಡಿಸುವುದೂ ನನ್ನ ಪಾಲಿಗೆ ಬಂದ ಕೆಲಸವಾಯಿತು.

ಹೊತ್ತು ಮುಳುಗುವ ಮೊದಲು ಕಡಲ ತೀರದ ಆಕೆ ಒಳಗೆ ಹೋಗಿ ಒಂದು ಹಿಡಿ ತಂದಳು. ಬೆರಳಲ್ಲಿ ಬಗ್ಗಿಸಿದಳು. ಪಾಚಿ ಪಟ್ಟೆಂದು ಮುರಿಯಿತು. ಇನ್ನೊಂದು ಎಳೆ ಮುರಿದು ನೋಡಿದಳು, ಮತ್ತೊಂದನ್ನು ದೊಡ್ಡಪ್ಪನ ಅಂಗೈಗೆ ಹಾಕಿದಳು. ಅವರು ಅದನ್ನು ಹೊಗೆಸೊಪ್ಪು ಮೂಸುವಂತೆ ಮೂಸಿ, ಮುಖ ಸಿಂಡರಿಸಿ, "ಒಣಗ್ಯದೆ," ಎಂದರು.

ಸೋಮವಾರ ಹುಣಸೂರಿನವನು ಟೇಪು ಹಿಡಿದು ಬಂದ. ದೊಡ್ಡಪ್ಪನೇ ಅವನನ್ನು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಡಿಸಿ, "ಕೊಡಾಕಿಲ್ಲ ಕಣಪ್ಪ, ಒಳಗೆ ಮಾಲು ಅದೆ," ಎಂದು ಕಳಿಸಿದರು. ಲೋಳೆಯಾದ ಅರ್ಧವನ್ನು ಚಿಕ್ಕವ್ವ ಉಪ್ಪು ಹೋಗುವಂತೆ ತೊಳೆದು ತೊಳೆದು ತಿಪ್ಪೆಗೆ ಸೇರಿಸಿದಳು. ಅದರ ನಷ್ಟದಲ್ಲಿ ತನ್ನ ಪಾಲನ್ನೂ ಹಿಡಿಯಬೇಕೆಂದು ಆ ಹೆಣ್ಣುಮಗಳಿಗೆ ಹೇಳಿ ಕಳಿಸಿದಳು.

ದೀಪಾವಳಿ ಕಳೆದ ಮೇಲೆ ಗಾರೆಯವನೊಬ್ಬ ಬಂದು ಬ್ಯಾರನ್ನಿನ ಗೋಡೆಯ ಬುಡದಲ್ಲಿ ಇನ್ನೆರಡು ಗಾಳಿಕಿಂಡಿ ಒಡೆದುಕೊಟ್ಟ. ಅವನನ್ನು ಕರೆಸಿದ್ದು ದೊಡ್ಡಪ್ಪ. ಆ ವಾರವೇ ಕರಾವಳಿಯಲ್ಲಿ ಮತ್ತೆ ಮಳೆ ಹಿಡಿಯಿತು, ಎರಡನೆಯ ಲೋಡು ಬಂತು. ಚಿಕ್ಕಪ್ಪ ಡಿಪೋದಲ್ಲಿ ರಜೆ ಹಾಕಿ ಬಂದು ಚೀಲ ಇಳಿಸಿದರು.