ಬೆನ್ನುನೋವಿನ ಕವರಿನೊಳಗೆ

ನನ್ನ ತಂಗಿಯ ಗಂಡ ಬೆಳಗ್ಗೆ ಎದ್ದವನೇ ರೆಕಾರ್ಡ್ ಪ್ಲೇಯರಿನ ಸೂಜಿ ಒರೆಸುತ್ತಾನೆ. ಜ್ವರವಿರಲಿ, ಮನೆ ತುಂಬ ನೆಂಟರಿರಲಿ, ಪುಟ್ಟ ಬ್ರಶ್ಶಿನಿಂದ ಹಿಂದಿನಿಂದ ಮುಂದಕ್ಕೆ ಮೂರು ಸಲ.

"ಹಲ್ಲುಜ್ಜೋಕೆ ಮುಂಚೆ ಸೂಜಿ ಉಜ್ಜೋ ಗಂಡ ಇನ್ಯಾರಿಗಿದ್ದಾನೆ ಹೇಳಕ್ಕಾ" ಎಂದು ತಂಗಿ ನಗುತ್ತಾಳೆ. ಅದೂ ಅವನ ಕಸುಬೇ ಹಲ್ಲಿನದು. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಾನೆ. ಊರವರ ಬಾಯಲ್ಲಿ ಮಾತ್ರ ಸೂಜಿಯಣ್ಣ.

ಇಪ್ಪತ್ತೆರಡು ವರ್ಷದಿಂದ ಭಾನುವಾರ ಮಧ್ಯಾಹ್ನ ಅವನು ಟೈರ್ ಅಂಗಡಿಯ ನೆಲಮಾಳಿಗೆಗೆ ಇಳಿಯುತ್ತಾನೆ. ರೇಡಿಯೋದಲ್ಲಿ ಎಂದೂ ಬರದ ಬ್ಯಾಂಡುಗಳು ಅಲ್ಲಿ ನುಡಿಸುತ್ತವೆ. ಬೋರ್ಡಿಲ್ಲ, ಟಿಕೆಟ್ಟಿಲ್ಲ, ಬಾಯಿಂದ ಬಾಯಿಗೆ ಸುದ್ದಿ. ಒಮ್ಮೆ ನಾನೂ ಹೋದೆ. ಕಿವಿ ಗುಂಯ್‌ಗುಟ್ಟಿತು. ಆದರೆ ಕಂಬಕ್ಕೊರಗಿ ಕಣ್ಣು ಮುಚ್ಚಿ ನಿಂತ ಅವನ ಮುಖ ನೋಡಿ, ದೇವರ ಮುಂದೆ ನಾನು ಹೀಗೆ ನಿಂತದ್ದು ಎಷ್ಟು ಸಲ ಎಂದು ನಾಚಿಕೆಯಾಯಿತು.

ಅಲ್ಲಿ ಹಿಂದೆ ನುಡಿಸುತ್ತಿದ್ದ ಬ್ಯಾಂಡೊಂದು ಒಂದೇ ಒಂದು ರೆಕಾರ್ಡು ಮಾಡಿತ್ತು, ನಲವತ್ತು ಪ್ರತಿ. ಅದರ ಡ್ರಮ್ಮರ್ ಆಮೇಲೆ ಕಾಯಿಲೆ ಬಿದ್ದು ತೀರಿಕೊಂಡ. ಆ ರೆಕಾರ್ಡಿಗಾಗಿ ಸೂಜಿಯಣ್ಣ ಹುಡುಕದ ಅಂಗಡಿಯಿಲ್ಲ. ಕೊನೆಗೊಂದು ಭಾನುವಾರ ಡ್ರಮ್ಮರನ ತಾಯಿಯೇ ಅದನ್ನು ತಂದು ಅವನ ಕೈಗಿತ್ತರು.

"ನನ್ನ ಹತ್ರ ಇರೋದು ಇದೊಂದೇ ಕಣಪ್ಪ. ನನ್ನ ಮಗ ಬಾರಿಸಿದ್ದು ಉಳಿದಿರೋದು ಇದರಲ್ಲಿ ಮಾತ್ರ. ಧೂಳು ಕೂತಿದೆ, ನೀನೇ ತೊಳೆದಿಡು. ಬರೋ ಭಾನುವಾರ ಅವನ ಹುಟ್ಟಿದ ದಿನ. ಇಲ್ಲೇ ಎಲ್ಲರಿಗೂ ಕೇಳಿಸ್ತೀಯಾ?"

ಸೂಜಿಯಣ್ಣನ ಗೆಳೆಯರಿಗೆ 'ಕೇಳಿ ಕೊಡ್ತೀನಿ' ಎಂದು ರೆಕಾರ್ಡು ಒಯ್ಯುವ ಚಾಳಿ. ಒಯ್ದದ್ದು ವಾಪಸು ಬಂದರೆ ಪುಣ್ಯ. ಅದಕ್ಕೇ ಅವನು ಅದನ್ನು ತೊಳೆದು, ಯಾರೂ ಕೈ ಹಾಕದ ಇನ್ನೊಂದು ರೆಕಾರ್ಡಿನ ಕವರಿನೊಳಗೆ ಬಚ್ಚಿಟ್ಟ: 'ಬೆನ್ನುನೋವಿಗೆ ಹತ್ತು ವ್ಯಾಯಾಮ'. ಹೆಂಡತಿಗೆ ಹೇಳುವುದನ್ನು ಮರೆತ.

ಮರುದಿನ ತಂಗಿ ಕಪಾಟು ಒರೆಸುತ್ತ ಬೇಡದ್ದೆನಿಸಿದ ನಾಲ್ಕು ರೆಕಾರ್ಡು ತೆಗೆದು, ರೆಕಾರ್ಡಿನಂಗಡಿಯ ಬಾಗಿಲಲ್ಲಿರುವ 'ಬೇಕಾದವರು ಒಯ್ಯಿರಿ' ಪೆಟ್ಟಿಗೆಗೆ ಹಾಕಿ ಬಂದಳು.

"ನಿಮ್ಮ ಬೆನ್ನು ನೆಟ್ಟಗೇ ಇದೆಯಲ್ಲ ಅಂತ ಕೊಟ್ಟುಬಿಟ್ಟೆ ರೀ" ಎಂದಳು ಸಂಜೆ.

ಅವನು ಚಪ್ಪಲಿ ಮೆಟ್ಟದೆ ಓಡಿದ. ಪೆಟ್ಟಿಗೆಯಲ್ಲಿ ಅದಿರಲಿಲ್ಲ.

"ಕೋಲು ಹಿಡ್ಕೊಂಡು ಯಾರೋ ತಾತ ಬಂದಿದ್ರು ಅಣ್ಣ, ಅವರೇ ತಗೊಂಡ್ಹೋದ್ರು" ಎಂದಳು ಅಂಗಡಿಯಾಕೆ. "ಎಲ್ಲಿಯವರೋ ಗೊತ್ತಿಲ್ಲ."

ನಾಲ್ಕು ದಿನ ಅವನಿಗೆ ತುತ್ತು ಇಳಿಯಲಿಲ್ಲ. ಕೆಲಸ ಮುಗಿದೊಡನೆ ರೆಕಾರ್ಡಿನಂಗಡಿಗೆ ಹೋಗಿ ತಾತನಿಗಾಗಿ ಕಾಯುತ್ತ ಕೂರುತ್ತಿದ್ದ. "ಆ ತಾಯಿ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ ಅತ್ತಿಗೆ?" ಎಂದ. ಆ ವಾರ ನನ್ನ ಪ್ರಾರ್ಥನೆಯಲ್ಲಿ ಕಾಯಿಲೆಯವರ ಜೊತೆಗೆ ಒಂದು ರೆಕಾರ್ಡೂ ಸೇರಿಕೊಂಡಿತು.

ಶುಕ್ರವಾರ ಸಂಜೆ ಆ ತಾತ ಅಂಗಡಿಗೆ ಬಂದು ಕವರನ್ನು ಅಂಗಡಿಯಾಕೆಯ ಮೇಜಿನ ಮೇಲೆ ಕುಕ್ಕಿದರು.

"ಏನಮ್ಮಾ ಇದು? ಚಾಪೆ ಹಾಸ್ಕೊಂಡು ಮಲಗಿದೀನಿ, ಈಗ ಕಾಲೆತ್ತಿ ಅಂತಾರೆ, ಆಗ ಕಾಲೆತ್ತಿ ಅಂತಾರೆ ಅಂತ ಕಾಯ್ತಿದ್ರೆ, ಢಮಾರ್! ಎದ್ದು ಕೂತ್ಬಿಟ್ಟೆ. ಮೂರು ತಿಂಗಳಿಂದ ಯಾರೂ ಹಿಡಿದೆತ್ತದೆ ಹಾಗೆ ಎದ್ದವನೇ ಅಲ್ಲ ನಾನು!"

ಸೂಜಿಯಣ್ಣ ರೆಕಾರ್ಡು ಹೊರತೆಗೆದು ಬೆಳಕಿಗೆ ಓರೆ ಹಿಡಿದ. ಒಂದು ಗೀರೂ ಇರಲಿಲ್ಲ. ತಾತನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

"ಇವನಿಗೇನಾಯ್ತಮ್ಮ?" ಎಂದರು ತಾತ.

ಆ ರಾತ್ರಿ ಅವನು ಎರಡು ಸಲ ಬಡಿಸಿಕೊಂಡು ಉಂಡನೆಂದು ತಂಗಿ ಹೇಳಿದಳು. ಕವರಿನಿಂದ ತೆಗೆದಿಟ್ಟಿದ್ದ ನಿಜವಾದ ವ್ಯಾಯಾಮದ ರೆಕಾರ್ಡು ಮರುದಿನವೇ ತಾತನ ಮನೆ ಸೇರಿತು.

ಭಾನುವಾರ ನಾನೂ ನೆಲಮಾಳಿಗೆಗೆ ಹೋದೆ. ಕುರ್ಚಿಯಲ್ಲಿ ಕೂತ ಆ ತಾಯಿ ರೆಕಾರ್ಡಿನ ಎರಡೂ ಬದಿ ಕೇಳಿದರು. ಬೆರಳು ಮೊಣಕಾಲ ಮೇಲೆ ತಾಳ ಹಾಕುತ್ತಿತ್ತು. ಮುಗಿದ ಮೇಲೆ ಸೂಜಿಯಣ್ಣ ಅವರ ಪಕ್ಕ ನೆಲದ ಮೇಲೆ ಕೂತು, ಒಂದನ್ನೂ ಮುಚ್ಚಿಡದೆ ನಡೆದದ್ದನ್ನೆಲ್ಲ ಹೇಳಿದ. ಬೈಯುತ್ತಾರೆಂದು ತಲೆ ತಗ್ಗಿಸಿದ. ಅವರು ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು.

"ತಾತನ್ನೂ ಎಬ್ಬಿಸಿ ಕೂರಿಸಿದ್ನಾ ನನ್ನ ಮಗ!"

ಆಮೇಲೆ ರೆಕಾರ್ಡನ್ನು ಅವನತ್ತ ಚಾಚಿದರು. "ಇದನ್ನ ನೀನೇ ಇಟ್ಕೊಳಪ್ಪ. ಎಷ್ಟೋ ವರ್ಷ ಹುಡುಕಿದೀಯಂತಲ್ಲ."

ಅವನ ಬೆರಳು ಕವರಿನ ಅಂಚು ಮುಟ್ಟಿದ್ದನ್ನು ನಾನು ಕಂಡೆ. ಮರುಕ್ಷಣ ಕೈಯೆರಡನ್ನೂ ಜೇಬಿಗಿಳಿಸಿದ.

"ಬೇಡಮ್ಮ, ನಿಮ್ಮನೇಲೇ ಇರ್ಲಿ. ನಾಲ್ಕು ದಿನ ಅದರ ಚಿಂತೆ ಹೊತ್ತಿದ್ದೇ ಸಾಕಾಯ್ತು."