ಮಾವನ ರೆಕಾರ್ಡಿನ ನಡುಕ

ಫ್ಯಾನು, ಮಿಕ್ಸಿ, ನೀರಿನ ಪಂಪು, ಹೀಗೆ ತಿರುಗುವ ಯಾವುದೇ ವಸ್ತು ತಿರುಗುವುದನ್ನು ನಿಲ್ಲಿಸಿದರೆ ಅದನ್ನು ಯಮನ ಕೈಯಿಂದ ಕಿತ್ತು ತರುವವನು ನಮ್ಮ ಮೋಟಾರು ಮೇಸ್ತ್ರಿ. ಇಡೀ ಬೀದಿ ಇದನ್ನು ಒಪ್ಪಿತ್ತು. ಒಪ್ಪದವರು ಒಬ್ಬರೇ, ಅವನ ಮಾವ.

ಮಾವ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರ ಮನೆಯಲ್ಲಿ ಏನು ಕೆಟ್ಟರೂ ಅಳಿಯನ ಅಂಗಡಿ ದಾಟಿಕೊಂಡು ಮುಂದಿನ ಬೀದಿಗೆ ಹೋಗುತ್ತಿತ್ತು. ಅಂಥವರು ಒಂದು ಬೆಳಿಗ್ಗೆ ತಮ್ಮ ರೆಕಾರ್ಡ್ ಪ್ಲೇಯರನ್ನು ಹಸುಗೂಸಿನಂತೆ ಎತ್ತಿಕೊಂಡು ಅಳಿಯನ ಮನೆಯ ಮುಂದಿನ ಅಂಗಡಿಗೆ ಬಂದರು.

"ಬೆಲ್ಟು ಹರಿದಿದೆ ಅಳಿಯಂದಿರೇ. ಉಳಿದವರೆಲ್ಲ ಕೈಯೆತ್ತಿದ್ರು, ಅದಕ್ಕೇ ನಿಮ್ಮ ಹತ್ರ ತಂದೆ. ಸಂಜೆ ಬರ್ತೀನಿ."

ಹಾಕಿ ನೋಡಲೆಂದು ತಮ್ಮ ಪ್ರಾಣದಂಥ ರೆಕಾರ್ಡನ್ನೂ ಬಿಟ್ಟುಹೋದರು.

"ಇದೊಂದು ಸರಿಮಾಡಿಬಿಡಿ," ಎಂದಳು ಹೆಂಡತಿ. "ನಮ್ಮಪ್ಪ ನಿಮ್ಮನ್ನ ಮನುಷ್ಯರ ಲೆಕ್ಕಕ್ಕೆ ಸೇರಿಸಿಕೊಂಡಾರು."

ಮೇಸ್ತ್ರಿ ಹೊಸ ಬೆಲ್ಟು ಹಾಕಿ ಮುಳ್ಳು ಇಳಿಸಿದ. ಮೊದಲು ಬಾಸ್ ಗಿಟಾರು, ಹೊಟ್ಟೆ ಕುಣಿಸುತ್ತ ಬರುವ ಪೈಲ್ವಾನನಂತೆ ಬಂತು. ಹಿಂದೆಯೇ ಡ್ರಮ್ಮು ಅವನನ್ನು ಅಣಕಿಸುತ್ತ ಬಂತು. ಮೇಸ್ತ್ರಿಯ ಪಾದ ಅವನ ಅಪ್ಪಣೆ ಕೇಳದೆ ತಾಳ ಹಾಕತೊಡಗಿತು. ಅಷ್ಟರಲ್ಲಿ ವೈಬ್ರಾಫೋನು ಶುರುವಾಯಿತು. ಲೋಹದ ಪಟ್ಟಿಗಳ ಮೇಲೆ ಯಾರೋ ಮೆತ್ತನೆಯ ಕೋಲಿನಿಂದ ಬಾರಿಸಿದ ಒಂದೊಂದು ಸ್ವರವೂ ಚಳಿಜ್ವರ ಬಂದಂತೆ ನಡುಗುತ್ತಿತ್ತು.

ಮೇಸ್ತ್ರಿ ಪೆಟ್ಟಿಗೆಗೆ ಕಿವಿಯಾನಿಸಿದ. "ಕೇಳಿದ್ಯೇನೇ? ಸ್ವರ ನಡುಗ್ತಿದೆ. ಮೋಟಾರು ಒಂದೇ ಸಮ ತಿರುಗ್ತಿಲ್ಲ!"

"ನನಗೇನೋ ಚೆನ್ನಾಗೇ ಇದೆ," ಎಂದು ಅವಳು ಬಟ್ಟೆ ಮಡಿಸುತ್ತಲೇ ಸೊಂಟ ಅಲುಗಿಸಿದಳು.

"ನಿನ್ನ ಸೊಂಟಕ್ಕೇನು ಗೊತ್ತು ಮೋಟಾರಿನ ವಿಷಯ!"

ಮಹಾಯುದ್ಧ ಆರಂಭವಾಯಿತು. ಮೋಟಾರು ಬಿಚ್ಚಿದ, ಎಣ್ಣೆ ಬಿಟ್ಟ, ಮತ್ತೆ ಜೋಡಿಸಿದ. ಮೇಜಿನ ಕಾಲಿಗೆ ರಟ್ಟು ಕೊಟ್ಟ. ಕರೆಂಟಿನ ಮೇಲೆ ಅನುಮಾನ ಬಂದು ಫ್ರಿಜ್ಜಿನ ಬಾಯಿ ಮುಚ್ಚಿಸಿದ. ಶತ್ರು ಮಾತ್ರ ಇನ್ನಷ್ಟು ಹುಮ್ಮಸ್ಸಿನಿಂದ ನಡುಗಿದ.

"ಆ ಗಿಟಾರಿನ ದಪ್ಪ ಸದ್ದು ನಡುಗ್ತಾನೇ ಇಲ್ವಲ್ಲ ರೀ," ಎಂದಳು ಹೆಂಡತಿ. ರಣರಂಗದಲ್ಲಿ ಇಂಥದ್ದೆಲ್ಲ ಯಾರ ಕಿವಿಗೆ ಬೀಳುತ್ತದೆ?

ಸಂಜೆ ಮಾವ ಬಂದಾಗ ಮೇಸ್ತ್ರಿ ತಲೆತಗ್ಗಿಸಿ ನಿಂತ. "ಸೋತೆ ಮಾವ. ಹಾಡೇನೋ ಬರುತ್ತೆ, ನಡುಕ ಹೋಗ್ತಿಲ್ಲ."

ಮಾವ ಕೇಳಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ಪುಣ್ಯಾತ್ಮರೇ, ಆ ವಾದ್ಯದ ಸೊಗಸೇ ನಡುಕ! ಪಟ್ಟಿಗಳ ಕೆಳಗೆ ಕೊಳವೆ ಇರ್ತವೆ, ಅದರೊಳಗೆ ಬಿಲ್ಲೆಗಳು ತಿರುಗ್ತವೆ. ತಿರುಗಿಸೋಕೆ ಒಂದು ಮೋಟಾರೇ ಇದೆ."

"ಮೋಟಾರು!" ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದ. "ನಾನು ಹೇಳಲಿಲ್ವೇನೇ?"

ಆದರೆ ಮಾವನ ಹುಬ್ಬು ಗಂಟಾಗಿತ್ತು. "ಅದಿರಲಿ, ಈ ಬಾರಿಸೋರ್ಯಾಕೆ ಮನೇಲಿ ಹಾಲು ಉಕ್ಕಿದೆ ಅನ್ನೋ ಹಾಗೆ ಓಡ್ತಿದಾರೆ? ಮೊದಲು ಹೀಗಿರಲಿಲ್ಲ. ಏನೋ ಕೆಡಿಸಿದೀರಿ ನೀವು."

ಮೇಸ್ತ್ರಿಗೆ ಎಲ್ಲ ಹೊಳೆಯಿತು. ಸವೆದ ಬೆಲ್ಟು ವರ್ಷಗಟ್ಟಲೆ ಜಾರಿ ಜಾರಿ ಹಾಡನ್ನು ನಿಧಾನ ಮಾಡಿತ್ತು. ಮಾವ ಮನಸೋತದ್ದು ಆ ಸೋಮಾರಿ ಹಾಡಿಗೆ. ಸರಿಯಾದ ವೇಗ ಇದೇ ಎನ್ನಲು ಅವನು ಬಾಯಿ ತೆರೆದ. ಹೆಂಡತಿ ಕಣ್ಣು ದೊಡ್ಡದು ಮಾಡಿದಳು. ಬಾಯಿ ಮುಚ್ಚಿತು.

ದೋಷವಿರುವ ಒಂದು ಯಂತ್ರವನ್ನೂ ಈವರೆಗೆ ಅಂಗಡಿಯ ಹೊಸ್ತಿಲು ದಾಟಲು ಬಿಡದಿದ್ದ ಆ ವೀರ, ವೇಗದ ತಿರುಪನ್ನು ತುಸು ಹಿಂದಕ್ಕೆ ತಿರುಗಿಸಿ, ಚೆನ್ನಾಗಿದ್ದ ಯಂತ್ರವನ್ನು ಕೈಯಾರೆ ಕೆಡಿಸಿದ. ಹಾಡು ಊಟ ಮುಗಿಸಿದವರಂತೆ ಕಾಲೆಳೆಯತೊಡಗಿತು.

"ಹಾಂ! ಈಗ ನೋಡಿ!" ಮಾವ ಅಳಿಯನ ಬೆನ್ನು ತಟ್ಟಿದರು. "ಕೆಲಸ ಅಂದ್ರೆ ಇದು!"

ಮೇಸ್ತ್ರಿ ಆ ಹೊಗಳಿಕೆಯನ್ನು ಕಳ್ಳಮಾಲಿನಂತೆ, ಮುಖದಲ್ಲಿ ಏನೂ ತೋರಿಸದೆ, ಸರಕ್ಕನೆ ಒಳಗೆ ಹಾಕಿಕೊಂಡ.