ಒಂದನೇ ನಂಬರ್ ಹಲ್ಲು

ನಮ್ಮಮ್ಮ ತಮಿಳುನಾಡಿನ ಪೆರಿಯಕುಳಂ ಕಡೆಯ ಸಂತೆಯಲ್ಲಿ ಬೆಳ್ಳುಳ್ಳಿ ವ್ಯಾಪಾರ ಮಾಡುವವಳು. ನಕ್ಕರೆ ಸಂತೆಯ ಆ ತುದಿಗೂ ಕೇಳುತ್ತಿತ್ತು. ಮುಂದಿನ ಎರಡು ಹಲ್ಲು ಬಿದ್ದದ್ದೇ ತಡ, ಆ ನಗು ಸೆರಗಿನ ಹಿಂದೆ ಸೇರಿತು. ಚೌಕಾಸಿಯೂ ಬಾಯಿ ಮುಚ್ಚಿಕೊಂಡೇ. ನನಗೆ ನಿಜಕ್ಕೂ ಸಂಕಟ. ಅವಳ ನಗುವಿಲ್ಲದ ಮನೆ ಉಪ್ಪಿಲ್ಲದ ಸಾರಾಗಿತ್ತು.

ತೇನಿಯ ಹಲ್ಲಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ತೆಗೆದು ಹಾಕಿಕೊಳ್ಳುವ ಸೆಟ್ಟು ಮಾಡೋಣ ಎಂದ ಅವರು, ಬಣ್ಣ ಆರಿಸಲು ಮಾದರಿ ಹಲ್ಲುಗಳ ಸಾಲನ್ನೇ ಮುಂದಿಟ್ಟರು. ಎಲೆಅಡಿಕೆಯಿಂದ ಅಮ್ಮನ ಉಳಿದ ಹಲ್ಲೆಲ್ಲ ಕೆಂಪು. ಆದರೆ ಬೆಳ್ಳುಳ್ಳಿಯಲ್ಲಿ ದಪ್ಪ ಎಸಳು, ಬಿಳಿ ಬಣ್ಣ ಇದ್ದರೇ ಬೆಲೆ. ಅದೇ ಲೆಕ್ಕದಲ್ಲಿ ಅಮ್ಮ, ಇದು ಸೊರಗಿದ್ದು, ಇದು ಹಳೇ ಸರಕು ಎಂದು ಒಂದೊಂದನ್ನೇ ತಳ್ಳಿ, ಎಲ್ಲಕ್ಕಿಂತ ಬೆಳ್ಳಗಿದ್ದುದನ್ನು ಉಗುರಿನಿಂದ ಒತ್ತಿ ನೋಡಿದಳು.

"ಇದು ಒಂದನೇ ನಂಬರ್, ತಾಯೀ. ಇದನ್ನೇ ದಪ್ಪಗೆ ಹಾಕು," ಎಂದಳು ತಮಿಳಿನಲ್ಲಿ; ಕನ್ನಡವೇನಿದ್ದರೂ ನಮ್ಮ ಮನೆಯವರ, ನೆಂಟರ ನಡುವೆ.

ಡಾಕ್ಟರಮ್ಮ ಬೇಡವೆಂದರು. ನಾನೂ ಬೇಡವೆಂದೆ. ಸರಕು ಆರಿಸುವುದನ್ನು ಅಮ್ಮನಿಗೆ ಕಲಿಸಲು ಹೋಗಿ ಗೆದ್ದವರಿಲ್ಲ.

ಸೆಟ್ಟು ಬಂತು. ಕನ್ನಡಿಯಲ್ಲಿ ಕೆಂಪು ಹಲ್ಲುಗಳ ನಡುವೆ ಅವೆರಡೇ ಬೆಳ್ಳಗೆ ಎದ್ದು ಕಂಡವು. ಮನೆಯಲ್ಲಿ ಚಿಕ್ಕಪ್ಪ, "ಏನತ್ಗೆ, ಬಾಯಾಗೆ ಬೆಳ್ಳುಳ್ಳಿ ಇಕ್ಕೊಂಡೇ ಮಾತಾಡ್ತೀರಾ?" ಅಂದ. ಸೆರಗು ಮತ್ತೆ ಮೇಲೇರಿತು.

ಮತ್ತೆ ತೇನಿ. ಈ ಸಲ ಅವಳು ಮಾದರಿಗಳ ಕಡೆ ಕಣ್ಣೆತ್ತಲೇ ಇಲ್ಲ.

"ಸಂತೆ ಮುಗಿದ ಮೇಲೆ ಉಳಿಯುತ್ತಲ್ಲ, ಆ ಸರಕಿನ ಬಣ್ಣ ಹಾಕು, ತಾಯೀ. ಒಂದು ಸ್ವಲ್ಪ ಓರೆ ಇರಲಿ. ನನ್ನದು ಹಾಗೇ ಇತ್ತು."

ಡಾಕ್ಟರಮ್ಮ ನಗುತ್ತಲೇ ಹಾಗೇ ಮಾಡಿಕೊಟ್ಟರು.

ಅದನ್ನು ಹಾಕಿಕೊಂಡು ಬತ್ತಲಗುಂಡು ಎಂಬ ಊರಿನಲ್ಲಿ ನಡೆದ ನೆಂಟರ ಮದುವೆಗೆ ಹೋದಳು. ಎಲ್ಲರೂ ಮಾತಾಡಿಸಿದರು, ಸೀರೆ ಎಲ್ಲಿ ತಗೊಂಡದ್ದು ಅಂದರು, ಬೆಳ್ಳುಳ್ಳಿ ರೇಟು ಕೇಳಿದರು. ಹಲ್ಲಿನ ಸುದ್ದಿ ಒಬ್ಬರೂ ಎತ್ತಲಿಲ್ಲ. ನನಗೆ ನೆಮ್ಮದಿ, ಅಮ್ಮನಿಗೆ ಹೊಟ್ಟೆಯುರಿ. ಇಷ್ಟು ಒದ್ದಾಡಿ ಮಾಡಿಸಿದ್ದು ಯಾರ ಕಣ್ಣಿಗೂ ಬೀಳದಿದ್ದರೆ ಹೇಗೆ? ಊಟದ ಪಂಕ್ತಿಯಲ್ಲಿ ಕೂತವಳಿಗೆ ಇನ್ನು ತಡೆಯಲಾಗಲಿಲ್ಲ.

"ಏನ್ರೇ, ಕಣ್ಣು ಕುರುಡಾ ನಿಮ್ಗೆಲ್ಲಾ? ಒಬ್ಳಾದ್ರೂ ನೋಡಿದ್ಳಾ?" ಎನ್ನುತ್ತ ಸೆಟ್ಟನ್ನು ಬಾಯಿಂದ ಕಿತ್ತು, ಅಂಗೈ ಮೇಲಿಟ್ಟು, ಪಂಕ್ತಿಯುದ್ದಕ್ಕೂ ತೋರಿಸಿದಳು.

ಹೆಂಗಸರು ಬಿದ್ದು ಬಿದ್ದು ನಕ್ಕರು. ಅವರೆಲ್ಲರಿಗಿಂತ ಜೋರಾಗಿ ಅಮ್ಮ ನಕ್ಕಳು, ಹಲ್ಲಿನ ಕಿಂಡಿ ಕಾಣುವ ಹಾಗೆ ಬಾಯಿ ಪೂರ್ತಿ ತೆರೆದು. ಸೆರಗು ಸೊಂಟದಲ್ಲೇ ಇತ್ತು.